ಸೂರ್ಯನ ಹಂಗಿಲ್ಲದ ಟೊಮೆಟೊ

"ಈ ಸಲದ ಹೊರೆಕಾಣಿಕೆಗೆ ನನ್ನ ಮನೆಯಿಂದ ಬರುವುದು ನಾನೇ ಬೆಳೆದ ತರಕಾರಿ! ಮಾರ್ಕೆಟಿನ ಒಂದು ಬೆಂಡೆಕಾಯಿಯನ್ನೂ ಈ ಕೈ ಮುಟ್ಟುವುದಿಲ್ಲ!"

ನೆರೂಳಿನ ದೇವಸ್ಥಾನದ ಕಮಿಟಿ ಮೀಟಿಂಗಿನಲ್ಲಿ ಉಪಾಧ್ಯಕ್ಷ ತಾರಾನಾಥ ಸಾಲ್ಯಾನರು ಎದ್ದು ನಿಂತು ಹೀಗೆ ಘೋಷಿಸಿದ ರಭಸಕ್ಕೆ ಮುಂದಿದ್ದ ಚಹಾದ ಕಪ್ಪು ಮಗುಚಿ ಬಿತ್ತು. ಚಹಾ ಹರಿದು ಹೋಗಿ ಹಿಂದಿನ ವರ್ಷದ ಆಮಂತ್ರಣ ಪತ್ರಿಕೆಯನ್ನು ನೆನೆಸಿತು. ಯಾರೂ ಒರೆಸಲಿಲ್ಲ. ಎಲ್ಲರೂ ಬಾಯಿ ತೆರೆದುಕೊಂಡು ಉಪಾಧ್ಯಕ್ಷರನ್ನೇ ನೋಡುತ್ತಿದ್ದರು.

ಹೊರೆಕಾಣಿಕೆ ಎಂದರೆ ಊರಿನಲ್ಲಿ ಬಲು ಸರಳ. ಉತ್ಸವ ಬಂತೆಂದರೆ ಅವರವರು ಗದ್ದೆ ಹಿತ್ತಿಲಲ್ಲಿ ಬೆಳೆದ ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳವನ್ನು ತಲೆಯ ಮೇಲೆ ಹೊತ್ತು, ಚೆಂಡೆ ಬಡಿಸಿಕೊಂಡು ಮೆರವಣಿಗೆಯಲ್ಲಿ ದೇವಸ್ಥಾನಕ್ಕೆ ಒಪ್ಪಿಸುವುದು. ಕರಾವಳಿಯಿಂದ ನವಿ ಮುಂಬಯಿಗೆ ಬಂದವರು ಈ ಕ್ರಮವನ್ನು ಜೊತೆಗೇ ತಂದಿದ್ದರು. ಹಿತ್ತಿಲನ್ನು ತರಲಾಗಿರಲಿಲ್ಲ, ಅಷ್ಟೆ. ಹಾಗಾಗಿ ಉತ್ಸವದ ದಿನ ಬೆಳಗಾಗುವ ಮೊದಲೇ ಎಲ್ಲರೂ ವಾಶಿಯ ಮಾರ್ಕೆಟಿಗೆ ಹೋಗುವುದು, ಒಬ್ಬನೇ ವ್ಯಾಪಾರಿಯ ಹತ್ತಿರ ಕೊಳ್ಳುವುದು, ಒಂದೇ ಟೆಂಪೊದಲ್ಲಿ ಹೇರಿಕೊಂಡು ಬಂದು ದೇವಸ್ಥಾನಕ್ಕೆ ಕೂಗಳತೆಯಲ್ಲಿ ಇಳಿಸುವುದು, ಅಲ್ಲಿಂದ ತಲೆಗೇರಿಸಿ ಪರಮ ಭಕ್ತಿಯಿಂದ ನಡೆಯುವುದು! ಹಿಂದಿನ ವರ್ಷ ತಾರಾನಾಥರು ಹೊತ್ತಿದ್ದ ಹೂಕೋಸಿನ ಪೆಟ್ಟಿಗೆಯ ಮೇಲೆ ವ್ಯಾಪಾರಿಯ ಹೆಸರೂ ಮೊಬೈಲ್ ನಂಬರೂ ದಪ್ಪಕ್ಷರದಲ್ಲಿ ಇದ್ದವು. ಉತ್ಸವದ ವಿಡಿಯೊದಲ್ಲಿ ದೇವರಿಗಿಂತ ಆ ನಂಬರೇ ಸ್ಪಷ್ಟವಾಗಿ ಬಂದಿತ್ತು.

ಅದನ್ನು ನೆನಪಿಟ್ಟುಕೊಂಡಿದ್ದ ಕಾರ್ಯದರ್ಶಿ ಪುಂಡರೀಕಾಕ್ಷ ರಾಯರು ಮೀಟಿಂಗಿನಲ್ಲಿ, "ಉಪಾಧ್ಯಕ್ಷರೇ, ಈ ಸಲವೂ ಅದೇ ಪಾರ್ಟಿಯ ಜಾಹೀರಾತಾ, ಅಲ್ಲ ಬೇರೆ ಯಾರಾದರೂ ಹೆಚ್ಚು ಕೊಟ್ಟಿದ್ದಾರಾ?" ಎಂದು ಕೇಳಿದ್ದರು. ಮೇಲಿನ ಘೋಷಣೆ ಹುಟ್ಟಿದ್ದು ಆಗ.

"ಬೆಳೆಯುವುದು ಎಲ್ಲಿ ಮಾರಾಯ್ರೆ?" ರಾಯರು ಕನ್ನಡಕ ಮೇಲೆತ್ತಿದರು. "ನಿಮ್ಮ ಫ್ಲ್ಯಾಟಿಗೆ ಬಿಸಿಲೇ ಬೀಳುವುದಿಲ್ಲ. ಕಳೆದ ಸಲ ಬಂದಾಗ ಮಧ್ಯಾಹ್ನ ಲೈಟ್ ಹಾಕಿ ನನಗೆ ಚಪ್ಪಲಿ ಹುಡುಕಿಕೊಟ್ಟಿದ್ದೀರಿ."

"ಬಿಸಿಲು ಯಾರಿಗೆ ಬೇಕು ರಾಯರೇ? ಲೈಟಿನಲ್ಲಿ ಬೆಳೆಯುವ ಕಾಲ ಇದು. ಸೂರ್ಯನ ಹಂಗಿಲ್ಲದೆ ಟೊಮೆಟೊ ಬೆಳೆದು ತೋರಿಸುತ್ತೇನೆ! ಕೆಂಪು ಕೆಂಪು ಟೊಮೆಟೊ!"

"ಬೆಳೆದರೆ ಮೆರವಣಿಗೆಯ ಮೊದಲ ಹೊರೆ ನಿಮ್ಮದು. ಚೆಂಡೆಯ ಹಿಂದೆಯೇ ನೀವು. ಬೆಳೆಯದಿದ್ದರೆ?"

"ಉಪಾಧ್ಯಕ್ಷನ ಕುರ್ಚಿ ನಿಮಗೆ!"

ತಾರಾನಾಥರಿಗೆ ಟೊಮೆಟೊ ಕೃಷಿಯ ಬಗ್ಗೆ ಇದ್ದ ಸಮಸ್ತ ಜ್ಞಾನವೂ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಪಕ್ಕದಲ್ಲಿ ನಿಂತವನ ಮೊಬೈಲಿಗೆ ಇಣುಕಿ ಸಂಪಾದಿಸಿದ್ದು. ಯಾವುದೋ ದೇಶದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ನೇರಳೆ ಬಣ್ಣದ ದೀಪದ ಕೆಳಗೆ ಟೊಮೆಟೊ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಪೂರ್ತಿ ನೋಡುವ ಮೊದಲೇ ಆತ ಜುಯಿನಗರದಲ್ಲಿ ಇಳಿದುಹೋಗಿದ್ದ. ಇಳಿಯದಿದ್ದರೆ ಈ ಕಥೆಯೇ ಬೇರೆ ಆಗುತ್ತಿತ್ತು.

ಮುಂದಿನ ರವಿವಾರ ಬೆಡ್‌ರೂಮಿನ ಮೇಲೆ ದಂಡಯಾತ್ರೆ ನಡೆಯಿತು. ಹಾಲ್, ಬೆಡ್‌ರೂಮು, ಅಡುಗೆಮನೆ, ಇಷ್ಟೇ ಇರುವ ಮನೆ. ಇದ್ದ ಒಂದು ಬಾಲ್ಕನಿಯನ್ನು ಬೆಡ್‌ರೂಮು ಎಂದೋ ನುಂಗಿತ್ತು. ಕಪಾಟು ಮತ್ತು ಮಂಚದ ನಡುವೆ ಕಬ್ಬಿಣದ ಸ್ಟ್ಯಾಂಡ್ ನಿಂತಿತು. ಸ್ಟ್ಯಾಂಡಿನಲ್ಲಿ ಕುಂಡಗಳು ಕೂತವು. ಬೆಳಕು ಹೊರಗೆ ಹೋಗಿ ವ್ಯರ್ಥವಾಗಬಾರದೆಂದು ಕಿಟಕಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಲಾಯಿತು. ಕೊನೆಗೆ ಟ್ಯೂಬ್‌ಲೈಟನ್ನು ಕೆಳಗಿಳಿಸಿ, ಅದೇ ಪಾಯಿಂಟಿಗೆ ನೇರಳೆ ದೀಪಗಳ ಉದ್ದದ ಪಟ್ಟಿ ತೂಗುಹಾಕಿ ಸ್ವಿಚ್ ಒತ್ತಿದ್ದೇ ತಡ, ಇಡೀ ಕೋಣೆ ಜಾಮೂನಿನ ಪಾಕದಲ್ಲಿ ನೇರಳೆಹಣ್ಣು ಹಿಂಡಿದ ಹಾಗಾಯಿತು!

ಕಾಲೇಜಿನಿಂದ ಬಂದ ಮಗಳು ಮಾನಸಿ ಬಾಗಿಲಲ್ಲೇ ನಿಂತಳು. "ಪಪ್ಪಾ, ಯೇ ಬೆಡ್‌ರೂಮ್ ಹೈ ಯಾ ಡಿಸ್ಕೊ?"

"ಕನ್ನಡದಲ್ಲಿ ಕೇಳು."

"ಇದು ಡಿಸ್ಕೊ ಕ್ಯಾ?"

ಹೆಂಡತಿ ಮುಕ್ತಾ ಕೋಣೆಯನ್ನು ಒಮ್ಮೆ, ಗಂಡನ ನೇರಳೆ ಮುಖವನ್ನು ಒಮ್ಮೆ ನೋಡಿದಳು. "ನಾವು ಮಲಗುವುದು ಎಲ್ಲಿ?"

"ಹಾಲಿನಲ್ಲಿ. ಕೆಲವೇ ತಿಂಗಳು, ಮಾರಾಯ್ತಿ."

"ಟ್ಯೂಬ್‌ಲೈಟ್ ಯಾಕೆ ತೆಗೆದದ್ದು? ನನ್ನ ಸೀರೆಯ ಕಪಾಟು ಇಲ್ಲೇ ಉಂಟಲ್ಲ?"

"ಬೇರೆ ಬೆಳಕು ಬಿದ್ದರೆ ಗಿಡಕ್ಕೆ ಕನ್‌ಫ್ಯೂಸ್ ಆಗ್ತದೆ. ಇದರಲ್ಲಿ ಎಲ್ಲ ಕಾಣ್ತದಲ್ಲ? ಬೆಳಕು ಬೆಳಕೇ!"

ಅಂದಿನಿಂದ ತಾರಾನಾಥರ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಹಲ್ಲುಜ್ಜುತ್ತಾ ಒಮ್ಮೆ ಇಣುಕುವುದು, ಪ್ಯಾಂಟಿಗೆ ಒಂದು ಕಾಲು ತೂರಿಸಿ ಇನ್ನೊಮ್ಮೆ ಇಣುಕುವುದು. ಸ್ಟೇಷನ್ನಿಗೆ ಹೊರಟವರು ಲಿಫ್ಟಿನಿಂದಲೇ ವಾಪಸು ಬರುವುದು. ವಾಶಿಯ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಹಡಗಿನ ಸಾಮಾನಿನ ಕಾಗದಪತ್ರ ನೋಡಬೇಕಾದ ಕಣ್ಣು ಗಡಿಯಾರ ನೋಡುತ್ತಿತ್ತು. ಕೈ ಮನೆಗೆ ಫೋನ್ ಒತ್ತುತ್ತಿತ್ತು.

"ಮುಕ್ತಾ, ಮೊಳಕೆ ಬಂತಾ?"

"ಹಾಲು ಉಕ್ಕಿ ಬಂತು. ಫೋನ್ ಇಡಿ."

"ಮುಕ್ತಾ, ಎಲೆ ಎಂತ ಬಾಡಿದ ಹಾಗೆ ಉಂಟಾ?"

"ನಿಮ್ಮ ಮಗಳಿಗೆ ಟೈಫಾಯ್ಡ್ ಬಂದಾಗ ಇಷ್ಟು ಫೋನ್ ಮಾಡಿರಲಿಲ್ಲ ನೀವು!"

ಗಿಡಗಳೇನೋ ಬೆಳೆದವು. ಮೊಣಕಾಲು ದಾಟಿದವು, ಸೊಂಟ ಮುಟ್ಟಿದವು, ಹೂ ಬಿಟ್ಟವು. ತಾರಾನಾಥರು ಆಫೀಸಿನಲ್ಲಿ ಪೇಡೆ ಹಂಚಿದರು. ಪೇಡೆಯ ಡಬ್ಬಿ ಖಾಲಿಯಾಗುವುದರೊಳಗೆ ಹೂಗಳೆಲ್ಲ ಉದುರಿ ಬಿದ್ದವು. ಮತ್ತೆ ಬಿಟ್ಟವು, ಮತ್ತೆ ಉದುರಿದವು. ಒಂದೂ ಕಾಯಿ ಕಚ್ಚಲಿಲ್ಲ!

ವಿಚಾರಿಸಿದಾಗ ತಿಳಿದದ್ದು: ಬಯಲಿನಲ್ಲಾದರೆ ಗಾಳಿ, ದುಂಬಿ ಬಂದು ಹೂವನ್ನು ಅಲುಗಿಸುತ್ತವೆ, ಅಲುಗಿದರೇ ಪರಾಗ ಉದುರುವುದು, ಕಾಯಿ ಕಟ್ಟುವುದು. ಬೆಳ್ಳಿ ಹಾಳೆ ಅಂಟಿಸಿದ ಕೋಣೆಗೆ ಯಾವ ದುಂಬಿ ಬಂದೀತು? ಟೇಬಲ್ ಫ್ಯಾನ್ ಇಟ್ಟರು. ಗಿಡ ವಾಲಿತು, ಹೂ ಅಲುಗಲಿಲ್ಲ. ಬೆರಳಿನಿಂದ ತಟ್ಟಿದರು, ಹೂವೇ ಕೈಗೆ ಬಂತು. ಕೊನೆಗೊಂದು ದಿನ ಬಚ್ಚಲಿನಲ್ಲಿ ವಾಷಿಂಗ್ ಮಷಿನ್ ಬಟ್ಟೆ ಹಿಂಡುವ ಹೊತ್ತಿಗೆ ಮೈಮೇಲೆ ಬಂದವರ ಹಾಗೆ ಕುಣಿಯುವುದನ್ನು ಕಂಡು ಅವರ ಕಣ್ಣು ಮಿನುಗಿತು.

ಕುಂಡಗಳು ಒಂದೊಂದಾಗಿ ಮಷಿನ್ನಿನ ತಲೆಯೇರಿದವು. ಗುಂಡಿ ತಿರುಗಿಸಿದ್ದೇ ಮಷಿನ್ ಗಡಗಡಿಸಿತು, ಕುಂಡ ಗಡಗಡಿಸಿತು, ಹೂ ಗಡಗಡಿಸಿತು, ಹಿಡಿದುಕೊಂಡು ನಿಂತ ಉಪಾಧ್ಯಕ್ಷರ ಕೆನ್ನೆಯೂ ಗಡಗಡಿಸಿತು! ಕೆಳಗಿನ ಮನೆಯ ಮರಾಠಿ ಹೆಂಗಸು, ಎಲ್ಲರ ಕಾಕು, ಮೇಲೆ ಬಂದು, "ಸಾಲ್ಯಾನ್ ಭಾವೂ, ದಿನಾ ಎಷ್ಟು ಬಟ್ಟೆ ಒಗೀತೀರಿ ಹೋ?" ಎಂದು ವಿಚಾರಿಸಿದರು. ಕೊನೆಯ ಕುಂಡ ಮಾತ್ರ ಕುಣಿಯುತ್ತಾ ಅಂಚಿಗೆ ನಡೆದು, ತಾರಾನಾಥರು ಕಾಕುವಿಗೆ ಉತ್ತರ ಕೊಡುವಷ್ಟರಲ್ಲಿ, ಮಷಿನ್ನಿನಲ್ಲೇ ಪಕ್ಕಕ್ಕೆ ತೆರೆದಿದ್ದ ಒಗೆಯುವ ತೊಟ್ಟಿಗೆ ಹಾರಿಕೊಂಡಿತು. ತೊಟ್ಟಿಯಲ್ಲಿ ಅವರ ಆಫೀಸಿನ ಬಿಳಿ ಶರ್ಟುಗಳಿದ್ದವು. ಆ ವಾರವಿಡೀ ಅವರು ಗೊಬ್ಬರದ ಬಣ್ಣದ ಶರ್ಟಿನಲ್ಲಿ ಆಫೀಸಿಗೆ ಹೋದರು.

ಆದರೆ ಕಾಯಿ ಕಚ್ಚಿತು! ಗೋಲಿಯಷ್ಟು, ನೆಲ್ಲಿಕಾಯಿಯಷ್ಟು, ನಿಂಬೆಹಣ್ಣಿನಷ್ಟು. ತಾರಾನಾಥರು ಫೋಟೊ ತೆಗೆದು ರಾಯರಿಗೆ ವಾಟ್ಸಾಪ್ ಮಾಡಿದರು. ರಾಯರ ಉತ್ತರ: "ಇದು ಬದನೆಯಾ?" ಎಲ್ಲವೂ ನೇರಳೆಯಾಗಿ ಬಂದ ಫೋಟೊ ಅದು. "ಬರುವ ತಿಂಗಳು ಕಣ್ಣಾರೆ ನೋಡುವಿರಂತೆ" ಎಂದು ತಾರಾನಾಥರು ಗರ್ವದಿಂದ ಮರುತ್ತರ ಕಳಿಸಿದರು.

ಈ ನಡುವೆ ಜನವರಿಯಲ್ಲಿ ಸಾನಪಾಡಾದ ಹಾಲ್ ಒಂದರಲ್ಲಿ ಮುಕ್ತಾಳ ದೂರದ ತಮ್ಮನ ಮದುವೆ ಬಂತು. ಆಕೆ ಕಪ್ಪು ಅಂಚಿನ ಕಿತ್ತಳೆ ರೇಷ್ಮೆ ಉಟ್ಟು, ನೇರಳೆ ಬೆಳಕಿನಲ್ಲಿ ಕಪಾಟು ತಡಕಿ, ಕರಿ ಬ್ಲೌಸ್ ಹುಡುಕಿ ತೊಟ್ಟು, ಕೇಳಿದಳು: "ಇದು ಕರಿಯೇ ಅಲ್ವಾ? ಮ್ಯಾಚ್ ಉಂಟಾ ಸರಿ ನೋಡಿ."

ತಾರಾನಾಥರು ಟೊಮೆಟೊದಿಂದ ಕಣ್ಣು ತೆಗೆಯದೆ, "ಫಸ್ಟ್ ಕ್ಲಾಸ್!" ಎಂದರು.

ಬಿಲ್ಡಿಂಗಿನ ಗೇಟು ದಾಟಿ ರಿಕ್ಷಾದಲ್ಲಿ ಕೂತಾಗ ಬೆಳಗಿನ ಬಿಸಿಲು ಮುಕ್ತಾಳ ತೋಳಿನ ಮೇಲೆ ಬಿತ್ತು. ಆಕೆ ಫೋನಿನಲ್ಲಿ ನೆಂಟರೊಡನೆ ಮಾತಿನಲ್ಲಿ ಮುಳುಗಿದ್ದಳು. ತಾರಾನಾಥರು ಕಣ್ಣುಜ್ಜಿಕೊಂಡು ನೋಡಿದರು. ಕರಿಯಲ್ಲ, ಹಸಿರು! ಅಪ್ಪಟ ಹಸಿರು! ಹೇಳಬೇಕೆಂದು ಬಾಯಿ ತೆರೆದರು. ಹೇಳಿದರೆ ವಾಪಸು ಮನೆಗೆ, ಬ್ಲೌಸ್ ಬದಲಾವಣೆ, ತಡ, ಜಗಳ. ಎಲ್ಲಕ್ಕಿಂತ ಹೆಚ್ಚಾಗಿ ಆ ಬೆಳಕು ಸುಳ್ಳು ಹೇಳುತ್ತದೆಂದು ತಾವೇ ಒಪ್ಪಿಕೊಂಡ ಹಾಗೆ. ಒಪ್ಪಿದರೆ ಟ್ಯೂಬ್‌ಲೈಟ್ ಮತ್ತೆ ಮೇಲೇರುತ್ತದೆ! ಬಾಯಿ ಮುಚ್ಚಿಕೊಂಡು, ಸಾನಪಾಡಾ ಬರುವವರೆಗೂ ಹೊರಗೆ ಹಿಂದೆ ಸರಿಯುತ್ತಿದ್ದ ವಿದ್ಯುತ್ ಕಂಬಗಳನ್ನು ಅತೀವ ಆಸಕ್ತಿಯಿಂದ ನೋಡಿದರು.

ಮೈತುಂಬ ಕಿತ್ತಳೆ ಸೀರೆ, ಮುಡಿತುಂಬ ಬಿಳಿ ಮಲ್ಲಿಗೆ, ತೋಳಿಗೆ ಹಸಿರು ಬ್ಲೌಸ್! ಹಾಲಿನ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ನೆಂಟರ ಹುಡುಗಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿಯೇಬಿಟ್ಟಳು: "ಅಕ್ಕ, ನೀವು ಧ್ವಜವಂದನೆ ಮುಗಿಸಿ ಬಂದದ್ದಾ?"

ಮುಕ್ತಾ ತನ್ನ ತೋಳು ನೋಡಿಕೊಂಡಳು. ಮದುವೆ ಮುಗಿಯುವವರೆಗೂ ಸೆರಗು ಎರಡೂ ಭುಜ ಬಿಟ್ಟು ಸರಿಯಲಿಲ್ಲ. ಊಟವನ್ನೂ ಹಾಗೆಯೇ ಹೊದ್ದುಕೊಂಡು ಮಾಡಿದಳು. ಮನೆಗೆ ಬಂದ ಮೇಲೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬಂತು.

"ರಿಕ್ಷಾದಲ್ಲಿ ಪಕ್ಕದಲ್ಲೇ ಕೂತಿದ್ರಲ್ಲ. ನಿಮಗೆ ಕಾಣಲಿಲ್ವಾ?"

"ಅದು... ನನಗೆ ಈ ಕಲರೆಲ್ಲ ಅಷ್ಟು ಗೊತ್ತಾಗುವುದಿಲ್ಲ, ಮಾರಾಯ್ತಿ."

ಮುಕ್ತಾ ಏನೂ ಹೇಳಲಿಲ್ಲ. ಆಕೆ ಏನೂ ಹೇಳದಿರುವುದು ಆ ಮನೆಯಲ್ಲಿ ಅಪರೂಪದ ಘಟನೆ. ಬುದ್ಧಿಯಿರುವ ಗಂಡಸು ಅಷ್ಟಕ್ಕೇ ಎಚ್ಚರಾಗಬೇಕಿತ್ತು. ತಾರಾನಾಥರು ನೀರು ಹಾಕುವ ಚೆಂಬು ಹಿಡಿದು ಗಿಡದ ಕಡೆಗೆ ನಡೆದರು. ಅಂದಿನಿಂದ ಮುಕ್ತಾ ಸೀರೆ ತೆಗೆಯುವಾಗ ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಕಪಾಟು ತೆರೆಯತೊಡಗಿದಳು. ಅವಳು ಟಾರ್ಚ್ ಹಚ್ಚಿದಾಗಲೆಲ್ಲ ಗಿಡಕ್ಕೆ ಬೆಳಕು ತಾಗದಂತೆ ತಾರಾನಾಥರು ಬೆಡ್‌ಶೀಟ್ ಅಡ್ಡ ಹಿಡಿದು ನಿಲ್ಲುತ್ತಿದ್ದರು.

ಉತ್ಸವ ಹತ್ತಿರ ಬಂದಂತೆ ಅವರ ಚಡಪಡಿಕೆ ಇಮ್ಮಡಿಯಾಯಿತು. ಕಾಯಿಗಳು ದಪ್ಪವಾದವು, ಆದರೆ ಹಣ್ಣಾಗಬೇಕಲ್ಲ! ದಿನವೂ ಆಫೀಸಿನಿಂದ ಬಂದು ಶೂ ಬಿಚ್ಚದೆ ಸ್ಟ್ಯಾಂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ಮೂಗು ತಾಗುವಷ್ಟು ಹತ್ತಿರದಿಂದ ನೋಡುವುದು. ನೇರಳೆ ಬೆಳಕಿನಲ್ಲಿ ಎಲೆಗಳೆಲ್ಲ ಕರಿ ಕರಿ. ಆ ಕರಿಯ ನಡುವೆ ಕಾಯಿಗಳ ನುಣುಪು ಮೈ ಮೆಲ್ಲಗೆ ಹೊಳೆಯುತ್ತಿತ್ತು. ಒಂದು ಸಂಜೆ ಅವರಿಗೆ ಸ್ಪಷ್ಟವಾಗಿ ಕಾಣಿಸಿತು: ಗುಲಾಬಿ! ಇನ್ನಷ್ಟು ಹೊತ್ತು ದಿಟ್ಟಿಸಿದರು: ಕೆಂಪು!

"ಕೆಂಪಾಯಿತು! ಮಾನಸಿ, ಬಾ! ಕೆಂಪಾಯಿತು!"

ಮಾನಸಿ ಬಂದು ನೋಡಿದಳು. "ಪಪ್ಪಾ, ಇಲ್ಲಿ ನೀವೂ ಕೆಂಪೇ ಇದ್ದೀರಿ."

ಅಂಥ ನಾಸ್ತಿಕರ ಮಾತಿಗೆ ಯಾರು ಕಿವಿಗೊಡುತ್ತಾರೆ? ತಾರಾನಾಥರು ಅಂದೇ ಹೋಗಿ ಫ್ಲೆಕ್ಸ್ ಬೋರ್ಡಿಗೆ ಆರ್ಡರ್ ಕೊಟ್ಟರು: 'ಸೂರ್ಯನ ಹಂಗಿಲ್ಲದೆ ನೆರೂಳಿನಲ್ಲೇ ಬೆಳೆದ ಕೆಂಪು ಟೊಮೆಟೊ. ಸಮರ್ಪಣೆ: ಉಪಾಧ್ಯಕ್ಷರು.' ಒಂದು ಪಕ್ಕದಲ್ಲಿ ಅವರ ಫೋಟೊ, ಇನ್ನೊಂದು ಪಕ್ಕದಲ್ಲಿ ಅಷ್ಟೇ ದೊಡ್ಡದಾದ, ಅಷ್ಟೇ ಗುಂಡಗಿನ, ಅಷ್ಟೇ ಹೊಳೆಯುವ ಟೊಮೆಟೊ.

ಉತ್ಸವದ ಹಿಂದಿನ ಸಂಜೆ ಮುಕ್ತಾ ಮರುದಿನದ ಸೀರೆ ತೆಗೆಯಲು ಟಾರ್ಚ್ ಹಚ್ಚಿದಳು. ತಾರಾನಾಥರು ಫ್ಲೆಕ್ಸ್ ಬಿಡಿಸಿ ನೋಡುವುದರಲ್ಲಿ ಮುಳುಗಿದ್ದರಿಂದ ಬೆಡ್‌ಶೀಟ್ ಹಿಡಿಯುವವರಿರಲಿಲ್ಲ. ಒಳಗಿನಿಂದ, "ಓಹೋ" ಎಂಬ ಧ್ವನಿ ಬಂತು.

"ಎಂತ ಆಯ್ತು?"

"ಎಂತ ಇಲ್ಲ."

"ಗಿಡ ನೋಡಿದ್ದಿಯಾ? ಹೇಗುಂಟು ಬಣ್ಣ?"

ಕಪಾಟಿನ ಬಾಗಿಲು ಮುಚ್ಚಿದ ಸದ್ದಾಯಿತು. "ಫಸ್ಟ್ ಕ್ಲಾಸ್!" ಎಂದಳು ಮುಕ್ತಾ.

ಬೆಳಿಗ್ಗೆ ತಾರಾನಾಥರು ಮಿಂದು, ಒದ್ದೆ ತಲೆಯಲ್ಲೇ, ಬಿಳಿ ಮುಂಡು ಉಟ್ಟು ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನೇರಳೆ ದೀಪದ ಕೆಳಗೆ ಒಂದೊಂದೇ ಟೊಮೆಟೊ ಕೊಯ್ದರು. ಬಿಗಿಯಾಗಿ, ಕಲ್ಲಿನ ಹಾಗಿದ್ದವು. ಮನೆಯಲ್ಲಿ ಬೆಳೆದದ್ದರ ಗಟ್ಟಿತನವೇ ಬೇರೆ ಎಂದುಕೊಂಡರು. ಬುಟ್ಟಿಯ ಅಡಿಗೆ ಒಣಹುಲ್ಲು ಎತ್ತರಕ್ಕೆ ತುಂಬಿ, ಮೇಲೆ ಟೊಮೆಟೊ ಜೋಡಿಸಿ, ಬಾಳೆಲೆ ಮುಚ್ಚಿ, ಹಳದಿ ಬಟ್ಟೆಯಿಂದ ಬಿಗಿದು ಕಟ್ಟಿದರು. ಕಾಣಿಕೆಯನ್ನು ದೇವರಿಗಿಂತ ಮೊದಲು ಊರ ಕಣ್ಣು ನೋಡಬಾರದು ಎಂಬುದು ಅವರು ಆ ಕ್ಷಣಕ್ಕೆ ಮಾಡಿದ ಶಾಸ್ತ್ರ.

ಚೆಂಡೆ ಮೊಳಗಿತು. ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ತಾರಾನಾಥರು! ತಲೆಯ ಮೇಲೆ ಹಳದಿ ಬುಟ್ಟಿ, ಮುಖದ ಮೇಲೆ ಗೆದ್ದ ಸೇನಾಪತಿಯ ಗಾಂಭೀರ್ಯ. ಹಿಂದೆ ಫ್ಲೆಕ್ಸಿನ ಒಂದು ಕೋಲು ಹಿಡಿದ ಮಾನಸಿ ಅದರ ಮರೆಯಲ್ಲೇ ಮುಖ ಅಡಗಿಸಿಕೊಂಡು ನಡೆಯುತ್ತಿದ್ದಳು. ಪಕ್ಕದಲ್ಲಿ ಮುಕ್ತಾ. ಆಕೆಯ ಸೀರೆಯ ಅಂಚಿಗೂ ಬ್ಲೌಸಿಗೂ ಅಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅವರ ಹಿಂದೆ ವಾಶಿಯ ಹೂಕೋಸು, ವಾಶಿಯ ಕುಂಬಳ, ವಾಶಿಯ ಬದನೆ ಹೊತ್ತ ಸಾಮಾನ್ಯ ಭಕ್ತರು!

ದೇವಸ್ಥಾನದ ಅಂಗಳದಲ್ಲಿ ಚಾಪೆ ಹಾಸಿತ್ತು. ರಾಯರು ಮೈಕ್ ಹಿಡಿದರು. "ಈಗ ನಮ್ಮ ಉಪಾಧ್ಯಕ್ಷರು ಸ್ವಂತ ಬೆಡ್‌ರೂಮಿನಲ್ಲಿ ಬೆಳೆದ ಕೆಂಪು ಕೆಂಪು ಟೊಮೆಟೊ ಸಮರ್ಪಿಸಲಿದ್ದಾರೆ. ಎಲ್ಲರೂ ಹತ್ತಿರ ಬಂದು ನೋಡಬೇಕು." ಆ 'ನೋಡಬೇಕು' ಎಂಬುದರಲ್ಲಿ ಉಪಾಧ್ಯಕ್ಷನ ಕುರ್ಚಿಯ ಮೇಲಿನ ಆಸೆ ಲೌಡ್‌ಸ್ಪೀಕರಿನಲ್ಲಿ ಇಡೀ ಸೆಕ್ಟರಿಗೆ ಕೇಳಿಸಿತು.

ತಾರಾನಾಥರು ಬುಟ್ಟಿ ಇಳಿಸಿದರು. ಗಂಟು ಬಿಚ್ಚಿದರು. ತಿಂಗಳುಗಟ್ಟಲೆ ಅವರು ತಮ್ಮ ಕಿಟಕಿಯಿಂದ ಹೊರಗಟ್ಟಿದ್ದ ಸೂರ್ಯ, ದೇವಸ್ಥಾನದ ಹಂಚಿನ ಮಾಡಿನ ಮೇಲಿನಿಂದ ಬಗ್ಗಿ ನೋಡುತ್ತಾ ಕಾಯುತ್ತಿದ್ದ. ಬಾಳೆಲೆ ಸರಿಸಿದರು.

ಹಸಿರು.

ಒಂದಲ್ಲ ಎರಡಲ್ಲ, ಎಲ್ಲವೂ ಹಸಿರು! ಬಾಳೆಲೆ ಸರಿಸಿದರೋ ಇಲ್ಲವೋ ಎಂದು ತಿಳಿಯದಷ್ಟು ಹಸಿರು! ಚೆಂಡೆಯವನ ಕೋಲು ಮೇಲೆತ್ತಿದ್ದು ಅಲ್ಲೇ ನಿಂತಿತು.

"ಪಪ್ಪಾ," ಫ್ಲೆಕ್ಸಿನ ಹಿಂದಿನಿಂದ ಸಣ್ಣ ಧ್ವನಿ ಬಂತು, "ಯೇ ತೊ ಕಚ್ಚಾ ಹೈ."

ತಾರಾನಾಥರು ಬುಟ್ಟಿಯನ್ನು ನೋಡಿದರು, ಫ್ಲೆಕ್ಸನ್ನು ನೋಡಿದರು, ಮತ್ತೆ ಬುಟ್ಟಿಯನ್ನು ನೋಡಿದರು. ಅಲ್ಲಿ ಕೆಂಪಗೆ ಉಳಿದದ್ದು ಅವರ ಮುಖ ಒಂದೇ. "ರಾಯರೇ, ಇವು ಬೆಳಿಗ್ಗೆ ಕೆಂಪಿದ್ದವು! ದೇವರಾಣೆ! ನನ್ನ ಕಣ್ಣಾರೆ ನೋಡಿ ಕೊಯ್ದದ್ದು! ಕುರ್ಚಿಯ ವಿಷಯ..."

ರಾಯರು ಒಂದು ಕಾಯಿ ಎತ್ತಿಕೊಂಡರು. ತಿರುಗಿಸಿದರು, ಉಗುರಿನಿಂದ ಗೀರಿದರು, ಮೂಸಿದರು. ಆಮೇಲೆ ಮೈಕ್ ಬಾಯಿಯ ಹತ್ತಿರ ತಂದರು.

"ಭಕ್ತರೇ, ನನಗೆ ಸಂಶಯ ಇತ್ತು. ಇವರು ವಾಶಿಯಲ್ಲಿ ಕೊಂಡು ತಂದು ಮನೆಯದ್ದು ಅಂತ ಹೇಳಿಯಾರು ಎಂದು ನಾನು ಎಣಿಸಿದ್ದು ಹೌದು. ಈಗ ಸಂಶಯ ಇಲ್ಲ. ಇದು ಮನೆಯಲ್ಲೇ ಬೆಳೆದದ್ದು. ಇಂಥದ್ದನ್ನು ವಾಶಿಯಲ್ಲಿ ಯಾರೂ ಮಾರುವುದಿಲ್ಲ! ಉಪಾಧ್ಯಕ್ಷರ ಕುರ್ಚಿ ಅವರಿಗೇ ಇರಲಿ!"

ಚಪ್ಪಾಳೆ ಬಿತ್ತು. ಅಷ್ಟು ನಗು ಬೆರೆತ ಚಪ್ಪಾಳೆಗಿಂತ ಕುರ್ಚಿ ಹೋಗಿದ್ದರೇ ಚೆನ್ನಾಗಿತ್ತು ಎಂದು ತಾರಾನಾಥರಿಗೆ ಅನ್ನಿಸಿತು. ಅಡುಗೆ ಭಟ್ಟರು ಬುಟ್ಟಿ ತೆಗೆದುಕೊಂಡು ಹುಲ್ಲಿನೊಳಗೆ ಕೈ ಹಾಕಿ ತಳದವರೆಗೂ ತಡಕಿದರು. "ಇಷ್ಟೇಯಾ? ಸಾರಿಗೆ ಆಗ್ಲಿಕ್ಕಿಲ್ಲ. ಚಟ್ನಿ ಮಾಡುವ. ಎಲೆಗೆ ಒಂದು ಬೊಟ್ಟು ಇಟ್ಟರೆ ಪ್ರಸಾದ ಅಂತ ನೆಕ್ಕಿಯಾರು. ಉಪಾಧ್ಯಕ್ಷರೇ, ನೀವೇ ಹೆಚ್ಚಿ ಕೊಡಿ. ನನ್ನ ಚೂರಿಗೆ ಇವು ಬಗ್ಗುವ ಹಾಗೆ ಕಾಣುವುದಿಲ್ಲ."

ಹಾಗೆ ಉಪಾಧ್ಯಕ್ಷ ತಾರಾನಾಥ ಸಾಲ್ಯಾನರು ಪಾಕಶಾಲೆಯ ಮೆಟ್ಟಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಹಸಿ ಟೊಮೆಟೊ ಹೆಚ್ಚತೊಡಗಿದರು. ಪಕ್ಕದಲ್ಲಿ ಮುಕ್ತಾ ತೆಂಗಿನಕಾಯಿ ತುರಿಯುತ್ತಿದ್ದಳು. ಕತ್ತರಿಸುತ್ತಾ ಕತ್ತರಿಸುತ್ತಾ ಅವರಿಗೆ ಹಿಂದಿನ ಸಂಜೆಯ 'ಓಹೋ' ನೆನಪಾಯಿತು. ಕೈ ನಿಂತಿತು.

"ಮುಕ್ತಾ."

"ಹೂಂ?"

"ನಿನ್ನೆ ಟಾರ್ಚ್ ಹಿಡಿದಾಗ ನೀನು ಇದನ್ನು ನೋಡಿದ್ದಿಯಲ್ಲ? ಹಸಿರು ಉಂಟು ಅಂತ ಒಂದು ಮಾತು ಹೇಳಬಾರದಿತ್ತಾ?"

ಮುಕ್ತಾ ತುರಿಮಣೆಯಿಂದ ತಲೆ ಎತ್ತಲಿಲ್ಲ. ಸೆರಗನ್ನು ಒಂದೇ ಭುಜಕ್ಕೆ ಸರಿಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನನಗೆ ಈ ಕಲರೆಲ್ಲ ಅಷ್ಟು ಗೊತ್ತಾಗುವುದಿಲ್ಲ, ಮಾರಾಯ್ರೆ."